ಎಮ್ಲಿನ್ ಪ್ರಾಸರ್ ಅವರ ಗಂಟಲೂ ಒಂದು ಹಳದಿ ಚೀಟಿಯೂ

ಚೆಸ್ಟರ್ ವಾಸ್ಕೊ ಹುಟ್ಟಿದ್ದು ಡಿಸೆಂಬರ್ ಇಪ್ಪತ್ತೇಳನೇ ತಾರೀಕು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಆದರೂ ಆ ವರ್ಷ ನಮ್ಮ ಕಾರ್ಬರಿ ಊರಿನಲ್ಲಿ ನಡೆದ ಅವಾಂತರಕ್ಕೆ ಮೂಲ ಹುಡುಕುತ್ತ ಹೋದರೆ ಅದು ಆ ತಾರೀಕಿಗೇ ಹೋಗಿ ನಿಲ್ಲುತ್ತದೆ.

ನಮ್ಮೂರಿನಲ್ಲಿ ಒಬ್ಬ ಮನುಷ್ಯ ಹುಟ್ಟಿದ್ದಾನೆ ಎಂಬುದಕ್ಕೆ ಚರ್ಚಿನ ದಾಖಲೆ ಸಾಲದು. ಎಮ್ಲಿನ್ ಪ್ರಾಸರ್ ರೇಡಿಯೋದಲ್ಲಿ ಅವನ ಹೆಸರು ಓದಿರಬೇಕು. ಕಾರ್ಬರಿ ಮ್ಯೂಲ್ಸ್ ಬೇಸ್‌ಬಾಲ್ ತಂಡದ ಆಟಗಳಿಗೆ ನಲವತ್ತೊಂಬತ್ತು ವರ್ಷಗಳಿಂದ ಕಾಮೆಂಟರಿ ಹೇಳುತ್ತ ಬಂದವರು ಅವರು. ಮ್ಯೂಲ್ಸ್ ಎಂದರೆ ಹೇಸರಗತ್ತೆಗಳು. ಹಿಂದೆ ಗಣಿಯೊಳಗೆ ಕಲ್ಲಿದ್ದಲ ಬಂಡಿ ಎಳೆದ ಪ್ರಾಣಿಗಳ ಗೌರವಾರ್ಥ ಇಟ್ಟ ಹೆಸರು ಅದು. ನಮ್ಮ ಹುಡುಗರು ಓಡುವುದನ್ನು ನೋಡಿದವರು ಬೇರೆ ಕಾರಣ ಕೇಳುವುದಿಲ್ಲ. ಒಂಬತ್ತು ಇನಿಂಗ್ಸಿನ ಪ್ರತಿ ಆಟದಲ್ಲೂ ಐದನೇ ಇನಿಂಗ್ಸ್ ಮುಗಿದಾಗ ಎಮ್ಲಿನ್ ಒಂದು ಚೀಟಿ ಬಿಡಿಸಿ ಆ ದಿನ ಹುಟ್ಟಿದವರು, ಮದುವೆಯಾದವರು, ಸೊಂಟದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು, ಎಲ್ಲರ ಹೆಸರನ್ನೂ ಓದುತ್ತಾರೆ. ಊರಿನಲ್ಲಿ ಆ ಚೀಟಿಗೆ ಬರದವರೇ ಇಲ್ಲ. ನಮ್ಮ ಬೀದಿಯ ಮುದುಕಿ ಬಾಬ ಯುಸ್ತೀನಾಳ ನಾಯಿಯ ಹೆಸರು ಎರಡು ಸಲ ಬಂದಿದೆ.

ಬರದೇ ಇದ್ದವನು, ಊರವರು ಚೆಟ್ ಎಂದು ಕರೆಯುವ ಚೆಸ್ಟರ್ ಒಬ್ಬನೇ. ಬೇಸ್‌ಬಾಲ್ ನಡೆಯುವುದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಚೆಸ್ಟರ್ ಹುಟ್ಟಿದ್ದು ಡಿಸೆಂಬರ್, ಮದುವೆಯಾದದ್ದು ಜನವರಿ, ಅಪೆಂಡಿಕ್ಸ್ ತೆಗೆಸಿಕೊಂಡದ್ದು ನವೆಂಬರ್. ಆಯುಷ್ಯದಲ್ಲಿ ಹೇಳಿಕೊಳ್ಳುವಂಥದ್ದು ಏನೇ ನಡೆದರೂ ಅದು ಹಿಮ ಬೀಳುವ ಕಾಲದಲ್ಲೇ ನಡೆಯಬೇಕೆಂದು ಅವನ ಹಣೆಯಲ್ಲಿ ಬರೆದಿತ್ತು.

"ಜೂನ್‌ನಲ್ಲಿ ಹುಟ್ಟಿದ್ದು ಅಂತ ಬರ್ದು ಕಳಿಸು ಮಾರಾಯ, ಯಾರ್ ಬಂದು ನೋಡ್ತಾರೆ?" ಎಂದು ಅವನ ಹೆಂಡತಿ ಥೆಕ್ಲಾ ವರ್ಷಕ್ಕೊಮ್ಮೆ ಹೇಳುವಳು.

"ಎಮ್ಲಿನ್ ಪ್ರಾಸರ್ ಬಾಯಲ್ಲಿ ಸುಳ್ಳು ಹೇಳಿಸ್ಲಾ? ಆ ಬಾಯಲ್ಲಿ?" ಎಂದು ಚೆಸ್ಟರ್ ಕುರ್ಚಿ ಹಿಂದೆ ತಳ್ಳಿ ಏಳುವನು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಮ್ಮದು ಜೋಡಿ ಮನೆ. ಒಂದೇ ಸೂರು, ನಡುವೆ ಒಂದು ಗೋಡೆ. ಆ ಕಡೆ ವಾಸ್ಕೊ ದಂಪತಿಗಳು, ಈ ಕಡೆ ನಾನು. ಗಣಿ ಕಂಪನಿಯವರು ಕಟ್ಟಿಸಿದ ಗೋಡೆ. ಅವರು ಗಾರೆಯಲ್ಲಿ ಮಾಡಿದ ಉಳಿತಾಯದಿಂದ ನನ್ನ ಜ್ಞಾನ ಬಹಳ ವೃದ್ಧಿಯಾಗಿದೆ.

ಮಾರ್ಚ್ ತಿಂಗಳು ನಮ್ಮೂರಿಗೆ ಒಳ್ಳೆಯದಲ್ಲ. ಹಿಮ ಕರಗಿ ರಾಡಿ ಎದ್ದಿರುತ್ತದೆ, ಆಟ ಇನ್ನೂ ಶುರುವಾಗಿರುವುದಿಲ್ಲ. ಗಂಡಸರು ಸಂಜೆ ಏಳಕ್ಕೆ ಅಭ್ಯಾಸಬಲದಿಂದ ರೇಡಿಯೋ ತಿರುಗಿಸುತ್ತಾರೆ, ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ ಎಂಬ ಪ್ರಕಟಣೆ ಕೇಳಿ ಆರಿಸುತ್ತಾರೆ, ಎದ್ದು ಹೋಗಿ ಕಿಟಕಿ ನೋಡುತ್ತಾರೆ, ಬಂದು ಮತ್ತೆ ತಿರುಗಿಸುತ್ತಾರೆ. ಕಾಯುವುದು ಒಂದೇ ಒಂದು ವಾಕ್ಯಕ್ಕೆ. ಸೀಸನ್ನಿನ ಮೊದಲ ದಿನ ಎಮ್ಲಿನ್ ಮೈಕಿನ ಮುಂದೆ ಕೂತು, ಕಾಫಿ ಬಗ್ಗಿಸಿಕೊಳ್ಳುವ ಸದ್ದು ಕೇಳಿಸಿ, ಆಮೇಲೆ ಹೇಳುತ್ತಾರೆ: "ಬಾಗ್ಲು ತೆಗ್ದೇ ಇದೆ, ಒಳಗ್ ಬನ್ನಿ." ಅಷ್ಟೇ. ಅದನ್ನು ಕೇಳಿದ ಮೇಲೆ ನಮ್ಮೂರಲ್ಲಿ ಜನ ಉಣ್ಣೆಯ ಕೋಟು ಪೆಟ್ಟಿಗೆಗೆ ಹಾಕುತ್ತಾರೆ. ಆ ವರ್ಷದ್ದು ಅವರ ಐವತ್ತನೇ ಸೀಸನ್. ಕಾತರ ಹೆಚ್ಚೇ ಇತ್ತು.

ಚೆಸ್ಟರ್‌ನ ಉದ್ಯೋಗ ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವುದು. ತಿಂಗಳಿಗೊಮ್ಮೆ ಪ್ರತಿ ಮನೆಯ ನೆಲಮಾಳಿಗೆಗೆ ಇಳಿದು, ಟಾರ್ಚ್ ಹಾಕಿ, ಅಂಕಿ ಬರೆದುಕೊಂಡು ಬರುವನು. ಎಮ್ಲಿನ್ ಅವರ ನೆಲಮಾಳಿಗೆಗೂ ಇಳಿಯುವನು. ಹೆಂಡತಿ ಗ್ವೆನ್ ತೀರಿಕೊಂಡು ಆರು ವರ್ಷ, ಮನುಷ್ಯ ಒಂಟಿ, ತಿಂಗಳಿಗೆ ಎರಡು ಸಾವಿರ ಗ್ಯಾಲನ್ ದಾಟಿದವರಲ್ಲ. ಮಾರ್ಚ್ ಹದಿನಾರರಂದು ಚೆಸ್ಟರ್ ಟಾರ್ಚ್ ಹಾಕಿದಾಗ ಮೀಟರ್ ಏಳು ಸಾವಿರ ತೋರಿಸಿತು.

ಇಂಥ ಹೊತ್ತಿಗೆ ನಿಯಮ ಬಹಳ ಸರಳ. ಜೇಬಿನಲ್ಲಿ ಹಳದಿ ಚೀಟಿಗಳ ಪುಸ್ತಕ ಇರುತ್ತದೆ. "ತಮ್ಮ ಮನೆಯಲ್ಲಿ ನೀರು ಸೋರುತ್ತಿರಬಹುದು. ಮೊದಲು ಕಮೋಡು ಪರೀಕ್ಷಿಸಿ" ಎಂದು ಅಚ್ಚಾಗಿರುತ್ತದೆ. ಹೆಸರು ತುಂಬಿಸಿ ಬಾಗಿಲ ಹಿಡಿಗೆ ಸಿಕ್ಕಿಸಿ ಹೋಗಬೇಕು. ಚೆಸ್ಟರ್ ಹೆಸರು ತುಂಬಿಸಿದ. ಬಾಗಿಲ ಹತ್ತಿರವೂ ಹೋದ. ಅಲ್ಲಿ ಅವನ ಕೈ ಬರಲಿಲ್ಲ. ಐವತ್ತು ವರ್ಷ ಊರನ್ನೇ ಒಳಗೆ ಬನ್ನಿ ಎಂದು ಕರೆದ ಮನುಷ್ಯನ ಬಾಗಿಲಿಗೆ ಕಮೋಡು ಎಂಬ ಪದವನ್ನು ತಗುಲಿಹಾಕುವುದೇ? ಚೀಟಿಯನ್ನು ಮಡಿಸಿ ಪ್ಯಾಂಟಿನ ಹಿಂಜೇಬಿಗೆ ಇಟ್ಟುಕೊಂಡು ಅವನು ನೇರ ಸಾಂತೊ ಪೆರುಜ್ಜಿಯ ಕ್ಷೌರದಂಗಡಿಗೆ ಹೋದ.

ಸಾಂತೊ ಕತ್ತರಿಗಿಂತ ಹರಿತವಾದ ನಾಲಿಗೆಯವನು. ಚೆಸ್ಟರ್ ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, "ನಮ್ಮ ಎಮ್ಲಿನ್ ಮನೆಯಿಂದಾನೇ ಬಂದೆ ಈಗ" ಎಂದ.

"ನಿಮ್ಮ ಎಮ್ಲಿನ್ನಾ?" ಸಾಂತೊ ಕನ್ನಡಿಯಲ್ಲಿ ಬೆಂಚಿನ ಮೇಲಿದ್ದವರಿಗೆ ಕಣ್ಣು ಹೊಡೆದ. "ನಿಮ್ಮ ಎಮ್ಲಿನ್ ನಿನ್ ಹೆಸ್ರು ಒಂದ್ ಸಲನಾದ್ರೂ ಓದಿದ್ರೇನೋ? ಆ ಮುದುಕಿ ನಾಯಿ ಹೆಸ್ರು ಓದಿದ್ರಪ್ಪ, ನಾನೇ ಕೇಳಿದೀನಿ. ಎರಡು ಸಲ."

ಬೆಂಚು ನಕ್ಕಿತು. ಚೆಸ್ಟರ್‌ನ ಕಿವಿ ಕೆಂಪಾಯಿತು.

"ಹೆಸ್ರು ಓದೋದು ಊರವರಿಗೆ. ಮನೆ ಒಳಗಿನ್ ವಿಷ್ಯ ಗೊತ್ತಿರೋದು ಸ್ನೇಹಿತರಿಗೆ" ಎಂದ ಅವನು. "ಈ ತಿಂಗಳು ಅವರು ಎಷ್ಟು ನೀರು ಬಳಸಿದಾರೆ ಗೊತ್ತಾ ನಿಂಗೆ? ಎರಡ್ ಸಾವಿರ ಗ್ಯಾಲನ್ ಇದ್ದದ್ದು ಏಳು ಸಾವಿರ! ಯಾತಕ್ಕೆ ಹೇಳು ನೋಡೋಣ?"

"ಯಾತಕ್ಕೆ?"

ಯಾತಕ್ಕೆ ಎಂದು ಚೆಸ್ಟರ್ ಯೋಚಿಸಿರಲಿಲ್ಲ. ಆದರೆ ಆರು ಜನ ಬಾಯಿ ತೆರೆದು ಕೂತಿದ್ದರು; ಅಂಥ ಸಭೆ ಅವನಿಗೆ ಹಿಂದೆಂದೂ ಒದಗಿರಲಿಲ್ಲ.

"ಗಂಟ್ಲು!" ಎಂದ. "ಉಪ್ಪುನೀರಲ್ಲಿ ಗಳಗಳ ಅಂತ ಬಾಯಿ ಮುಕ್ಕಳಿಸ್ತಾರೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಸೀಸನ್ ಬಂತಲ್ಲ, ಗಂಟ್ಲು ಹದ ಮಾಡ್ತಿದಾರೆ. ಅದು ಸಾಧನೆ ಅಂದ್ರೆ!"

ಸಾಂತೊ ಕತ್ತರಿ ಇಳಿಸಿದ. "ಐದ್ ಸಾವಿರ ಗ್ಯಾಲನ್ ಮುಕ್ಕಳಿಸ್ತಾರಾ? ಅಯ್ಯೋ ದೇವ್ರೇ. ಅದು ಸಾಧನೆ ಅಲ್ಲ ಕಣೋ ಚೆಟ್. ಅದು ಕಾಯಿಲೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಮ್ಲಿನ್ ಅವರ ಗಂಟಲು ಕೆಟ್ಟಿತು. ಬ್ರೆಡ್ ಅಂಗಡಿಯಲ್ಲಿ ಅದಕ್ಕೆ ಗೆಡ್ಡೆ ಬಂತು. ಅಂಚೆ ಕಚೇರಿಯಲ್ಲಿ ಫಿಲಡೆಲ್ಫಿಯಾದ ದೊಡ್ಡ ಡಾಕ್ಟರ್ ಕೈಚೆಲ್ಲಿದರು. ಸಂಜೆ ಐದಕ್ಕೆ ಬಾಬ ಯುಸ್ತೀನಾ ಎದೆ ಬಡಿದುಕೊಳ್ಳುತ್ತ ವಾಸ್ಕೊ ಮನೆಯ ಮೆಟ್ಟಿಲು ಹತ್ತಿದಳು. ಬಾಬ ಎಂದರೆ ಅಜ್ಜಿ. ಎಂಬತ್ತಾರು ವರ್ಷದ ಅವಳು ನಮ್ಮ ಬೀದಿಗೆಲ್ಲ ಅಜ್ಜಿ.

"ಚೆಟ್, ನನ್ ಮಗಾ, ಕೇಳಿದ್ಯಾ? ಪ್ರಾಸರ್‌ಗೆ ಗಂಟ್ಲು ಹೋಯ್ತಂತೆ! ಇನ್ ಮಾತೇ ಆಡಲ್ಲವಂತೆ!"

ಇಲ್ಲಿ ನಾನು ಚೆಸ್ಟರ್‌ನ ಬುದ್ಧಿಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಪ್ರಾಮಾಣಿಕ ಬುದ್ಧಿ. ಬೆಳಿಗ್ಗೆ ತಾನು ಬಿಟ್ಟ ಗಾಳಿಸುದ್ದಿ ಸಂಜೆ ವೇಷ ಬದಲಿಸಿ ಬಂದಾಗ ಅವನು ಅದರ ಗುರುತು ಹಿಡಿಯಲಿಲ್ಲ. ಗೋಡೆಗೆ ಒರಗಿ ಕುಸಿದ. ನನ್ನ ಕಡೆ ಗೋಡೆಯ ಮೇಲಿದ್ದ ಗಡಿಯಾರ ಅಲುಗಿತು.

"ಹಂಗಾದ್ರೆ ನಿಜ!" ಎಂದು ಅವನು ಕೂಗಿದ. "ಬಾಬ, ನಂಗೆ ಬೆಳಗ್ಗೇನೇ ಅನುಮಾನ ಇತ್ತು. ಅವರ ನೀರಿನ್ ಲೆಕ್ಕ ನೋಡ್ದಾಗ್ಲೇ ಅನ್ಕೊಂಡೆ, ಏನೋ ಇದೆ ಅಂತ. ಈಗ ನೀನೂ ಹೇಳ್ತಿದೀಯ. ಎರಡು ಕಡೆಯಿಂದ ಬಂದ್ಮೇಲೆ ಸುಳ್ಳಾಗತ್ತಾ?"

ಹೀಗೆ ಸುದ್ದಿ ಹುಟ್ಟಿಸಿದವನೇ ಅದಕ್ಕೆ ಸಾಕ್ಷಿಯೂ ಆದ. ಅಂದಿನಿಂದ ಅನುಮಾನಪಟ್ಟವರನ್ನೆಲ್ಲ ಜನ ಚೆಸ್ಟರ್ ಬಳಿಗೆ ಕಳಿಸತೊಡಗಿದರು: "ವಾಸ್ಕೊನ ಕೇಳು, ಅವನು ಕಣ್ಣಾರೆ ನೋಡಿದಾನೆ."

ಎರಡು ದಿನ ಕಳೆಯುವಷ್ಟರಲ್ಲಿ ಎಮ್ಲಿನ್ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೇನಿನ ಬಾಟಲಿಗಳು, ಕೋಳಿ ಸೂಪು, ಕೊರಳಿಗೆ ಸುತ್ತಲು ಕೆಂಪು ಉಣ್ಣೆಬಟ್ಟೆ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ನಾಲ್ಕು ತಟ್ಟೆ. ಬಾಬ ಯುಸ್ತೀನಾ ಒಂದು ಡಬ್ಬಿ ಹೆಬ್ಬಾತಿನ ಕೊಬ್ಬು ತಂದು, ಎದೆಗೆ ತಾನೇ ಹಚ್ಚುತ್ತೇನೆಂದು ಹಟ ಹಿಡಿದಳು. ಪಾದ್ರಿ ಗ್ರಬೋವ್ಸ್ಕಿ ಕೆಂಪು ದಾರದಲ್ಲಿ ಅಡ್ಡಡ್ಡ ಕಟ್ಟಿದ ಎರಡು ಮೇಣದಬತ್ತಿ ಹಿಡಿದು ಬಂದರು. ಸಂತ ಬ್ಲೇಸನ ಹಬ್ಬದ ದಿನ ನಮ್ಮಲ್ಲಿ ಆ ಬತ್ತಿಗಳನ್ನು ಗಂಟಲಿಗೆ ಒತ್ತಿ ಹರಸುತ್ತಾರೆ. ವರ್ಷವಿಡೀ ಗಂಟಲಿಗೆ ಮೀನಿನ ಮುಳ್ಳೂ ತಾಗುವುದಿಲ್ಲ. ಹಬ್ಬ ಫೆಬ್ರವರಿ ಮೂರಕ್ಕೇ ಮುಗಿದಿತ್ತು. ಮೇಲಾಗಿ ಎಮ್ಲಿನ್ ವೆಲ್ಷ್ ಮೂಲದವರು, ಬೇರೆ ಚರ್ಚಿನವರು.

"ಗಂಟ್ಲಿಗೆ ಯಾವ ಚರ್ಚು, ಯಾವ ತಾರೀಕು?" ಎಂದು ಪಾದ್ರಿಗಳು ಮೇಣದಬತ್ತಿ ಒತ್ತಿಯೇಬಿಟ್ಟರು.

ಎಮ್ಲಿನ್ ಇದನ್ನೆಲ್ಲ ಹೇಗೆ ಸಹಿಸಿದರು ಎಂದು ನೀವು ಕೇಳಬಹುದು. ಒಂದೆರಡು ಮಾತಾಡಿದ್ದರೆ ಊರಿನ ಭ್ರಮೆ ಅಲ್ಲೇ ಹರಿಯುತ್ತಿತ್ತು. ಆದರೆ ಅವರ ತಂದೆ ಗಾಯಕವೃಂದ ನಡೆಸಿದವರು. ದೊಡ್ಡ ಹಾಡಿಗೆ ಮುಂಚೆ ದನಿ ಉಳಿಸಬೇಕು ಎಂದು ಕಲಿಸಿದ್ದರು. ಅದರಂತೆ ಮಗ ಪ್ರತಿ ಮಾರ್ಚ್‌ನಲ್ಲೂ ಪಿಸುದನಿಗಿಂತ ಮೇಲೆ ಹೋಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ಯಾರೂ ಅವರ ಮನೆಗೆ ಹೋಗುವುದಿಲ್ಲವಾದ್ದರಿಂದ ನಲವತ್ತೊಂಬತ್ತು ವರ್ಷ ಇದು ಯಾರಿಗೂ ತಿಳಿದಿರಲಿಲ್ಲ. ಈಗ ಊರು ಬಂದು ಬಾಗಿಲಲ್ಲಿ ನಿಂತಿದೆ; ಐವತ್ತನೇ ಸೀಸನ್ ಎಂದು ಜನ ಪ್ರೀತಿ ತೋರಿಸುತ್ತಿದ್ದಾರೆ ಎಂದುಕೊಂಡು ಅವರು ಕಣ್ಣು ಒದ್ದೆ ಮಾಡಿಕೊಂಡು ಪಿಸುಗುಟ್ಟುತ್ತ ಎಲ್ಲರ ಕೈ ಹಿಡಿದರು. ಒದ್ದೆ ಕಣ್ಣು, ಪಿಸುದನಿ. ಜನಕ್ಕೆ ಇನ್ನೇನು ಪುರಾವೆ ಬೇಕು?

"ಇನ್ನೆಷ್ಟು ದಿನ ಅಂತೆ?" ಎಂದು ಬಾಬ ಅಳುತ್ತ ಕೇಳಿದಳು.

ಎಮ್ಲಿನ್ ಅವರ ಮುಖ ಬೆಳಗಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವರು ದಿನಕ್ಕೊಂದು ಗೀಟು ಹೊಡೆಯುತ್ತಿದ್ದರು. "ಇಪ್ಪತ್ತೆರಡು ದಿನ ಬಾಬ" ಎಂದು ಪಿಸುಗುಟ್ಟಿದರು. "ಏಪ್ರಿಲ್ ಒಂಬತ್ತು, ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ."

ಬಾಬಳನ್ನು ಇಬ್ಬರು ಎತ್ತಿಕೊಂಡು ಬಂದರು. "ಡಾಕ್ಟ್ರು ಗಂಟೆ ಸಮೇತ ಹೇಳ್ಬಿಟ್ಟಿದಾರಲ್ಲಪ್ಪಾ! ಅದೂ ಸೀಸನ್ ಶುರುವಾಗೋ ಹೊತ್ತಿಗೇ!" ಎಂದು ಅವಳು ದಾರಿಯುದ್ದಕ್ಕೂ ಗೋಳಾಡಿದಳು. ಅದೇ ದಿನ ಅದೇ ಗಂಟೆಗೆ ಆಟ ಶುರುವಾಗುತ್ತದೆ ಎಂಬುದನ್ನು ಎಲ್ಲರೂ ಕಾಕತಾಳೀಯ ಎಂದು ತಿಳಿದು ಇನ್ನಷ್ಟು ಅತ್ತರು.

ಸುದ್ದಿ ತಂಡದ ಮಾಲೀಕನವರೆಗೆ ಹೋಯಿತು. ಹಾಲೆನ್‌ಬ್ಯಾಕ್ ಎಂದು ಅವನ ಹೆಸರು. ಹೊರಗಿನವನು, ಹಾಸಿಗೆ ತಯಾರಿಸುವ ಕಾರ್ಖಾನೆ ಅವನದು. ಮ್ಯೂಲ್ಸ್ ತಂಡವನ್ನು ಕೊಂಡು ಎರಡು ವರ್ಷವಾಗಿತ್ತು. ಅವನು ಉದ್ದ ಕಾರಿನಲ್ಲಿ ನಮ್ಮ ಬೀದಿಗೆ ಬಂದು ವಾಸ್ಕೊ ಮನೆಯ ಮುಂದೆ ನಿಂತದ್ದು ಚೆಸ್ಟರ್‌ನ ಬಾಳಿನ ಅತ್ಯುನ್ನತ ಗಳಿಗೆ.

"ನೀವು ಪ್ರಾಸರ್ ಅವರ ಆಪ್ತ ಸ್ನೇಹಿತರು ಅಂತ ಊರೆಲ್ಲ ಹೇಳ್ತಿದೆ" ಎಂದ ಮಾಲೀಕ.

ಚೆಸ್ಟರ್ ಸುತ್ತ ನೋಡಿದ. ಎದುರು ಮನೆಗಳ ಪರದೆಗಳೆಲ್ಲ ಸರಿದಿದ್ದವು. "ಹೇಳ್ಬಾರ್ದು, ಆದ್ರೂ ಹೌದು" ಎಂದ.

"ಹಂಗಾದ್ರೆ ನಿಜ ಹೇಳಿ. ಅವ್ರು ಇಡೀ ಆಟ ಮಾತಾಡೋ ಸ್ಥಿತಿಲಿ ಇದಾರಾ?"

"ಸಾರ್, ಆ ಮನುಷ್ಯ ತೊಟ್ಟು ನೀರು ನುಂಗೋಕೂ ಒದ್ದಾಡ್ತಿದಾರೆ" ಎಂದ, ಏಳು ಸಾವಿರ ಗ್ಯಾಲನ್ನಿನ ಅಂಕಿ ಕೈಯಾರೆ ಬರೆದುಕೊಂಡು ಬಂದವನು.

ವಾರದೊಳಗೆ ತೀರ್ಮಾನವಾಯಿತು. ಮೊದಲ ಆಟಕ್ಕೆ ಕಾಮೆಂಟರಿ ಹೇಳಲು ಬೇರೆ ಊರಿನಿಂದ ಹೊಸಬನೊಬ್ಬ ಬರುತ್ತಾನೆ. ಎಮ್ಲಿನ್ ಪ್ರಾಸರ್ ಅವರನ್ನು ಆಟಕ್ಕೆ ಮುಂಚೆ ಮೈದಾನದ ನಡುವೆ ಕುರ್ಚಿ ಹಾಕಿ ಕೂರಿಸಿ ಸನ್ಮಾನ ಮಾಡಿ ಬೀಳ್ಕೊಡುವುದು. ಸನ್ಮಾನ ಸಮಿತಿಯ ಅಧ್ಯಕ್ಷರು, ಆಪ್ತಮಿತ್ರರಾದ ಶ್ರೀ ಚೆಸ್ಟರ್ ವಾಸ್ಕೊ.

ಎಮ್ಲಿನ್ ಅವರಿಗೂ ಕಾಗದ ಹೋಯಿತು. "ತಮ್ಮ ಪರಿಸ್ಥಿತಿಯನ್ನು ಗಮನಿಸಿ" ಎಂದು ಅದರಲ್ಲಿ ಬಹಳ ನಾಜೂಕಾಗಿ ಬರೆದಿತ್ತು. ಎಂಬತ್ತು ವರ್ಷದ ಮನುಷ್ಯ ಅದನ್ನು ವಯಸ್ಸು ಎಂದು ಓದಿಕೊಂಡರು. ಮಾನವಂತರು, ಯಾಕೆ ಎಂದು ಕೇಳಲು ಹೋಗಲಿಲ್ಲ. ಕ್ಯಾಲೆಂಡರಿನಲ್ಲಿ ಗೀಟು ಹೊಡೆಯುವುದನ್ನು ಮಾತ್ರ ನಿಲ್ಲಿಸಿದರು.

ಏಪ್ರಿಲ್ ಎಂಟರ ಬೆಳಿಗ್ಗೆ ಥೆಕ್ಲಾ ಅಧ್ಯಕ್ಷರ ಸಮವಸ್ತ್ರ ಒಗೆಯಲು ತೆಗೆದಳು. ಚಳಿಗಾಲದ ಆ ಪ್ಯಾಂಟನ್ನು ಅವಳು ವರ್ಷಕ್ಕೊಮ್ಮೆ, ಸೀಸನ್ನಿನ ಹಿಂದಿನ ದಿನ ಒಗೆಯುವುದು ವಾಡಿಕೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಬಕೆಟ್ಟು ಧೊಪ್ಪನೆ ಬಿತ್ತು.

"ಚೆಟ್! ಏನಿದು ಹಳದಿ ಚೀಟಿ? ಪ್ರಾಸರ್ ಹೆಸರಿದೆ?"

"ಅದಾ? ಅದೇನಿಲ್ಲ, ಕಚೇರಿದು."

"ಕಮೋಡು ಪರೀಕ್ಷಿಸಿ ಅಂತಿದೆ. ಏಳು ಸಾವಿರ ಗ್ಯಾಲನ್ ಅಂತಿದೆ. ಮಾರ್ಚ್ ಹದಿನಾರು ಅಂತಿದೆ." ಥೆಕ್ಲಾಳ ದನಿ ಇಳಿಯಿತು, ಅದು ಇಳಿದಾಗಲೇ ಹೆದರಬೇಕು. "ನಾನ್ ಕೇಳಿದ್ದಕ್ಕೆ ಮಾತ್ರ ಉತ್ರ ಕೊಡು. ಅವರ ಗಂಟ್ಲು ಕೆಟ್ಟಿದೆ ಅಂತ ನಿಂಗ್ಯಾರು ಹೇಳಿದ್ದು?"

"ಬಾಬ ಯುಸ್ತೀನಾ."

"ಬಾಬಂಗೆ ಯಾರು ಹೇಳಿದ್ದು?"

"ಬ್ರೆಡ್ ಅಂಗಡಿಯೋಳು ಇರ್ಬೇಕು."

"ಅವಳಿಗೆ?"

"ಅವಳ ಗಂಡ. ಅವನು ಸಾಂತೊ ಅಂಗ್ಡೀಲಿ ಬೆಂಚ್ ಮೇಲಿದ್ದ. ನಾನೇ ನೋಡ್ದೆ."

"ಸಾಂತೊಗೆ ಯಾರು ಹೇಳಿದ್ದು?"

ನಾನು ಈ ಕಡೆ ಕಾಫಿ ಲೋಟ ಕೆಳಗಿಟ್ಟೆ. ಗೋಡೆಯಾಚೆ ಕುರ್ಚಿ ಹಿಂದೆ ತಳ್ಳಿದ ಸದ್ದಾಯಿತು.

"ಥೆಕ್ಲಾ" ಎಂದ ಚೆಸ್ಟರ್ ಕೊನೆಗೆ, "ನಾನೇ ಕಣೇ ಅದು."

"ಕೂತ್ಕೋ. ಕೂತ್ಕೊಂಡು ಕೇಳು. ಆ ಮನುಷ್ಯಂಗೆ ಏನೂ ಆಗಿಲ್ಲ. ಅವರ ಮನೇಲಿ ಕಮೋಡು ಸೋರ್ತಿದೆ, ಅಷ್ಟೇ. ನೀನು ಅವರ ಬಾಯಿ ಕಿತ್ಕೊಂಡೆ. ಐವತ್ತು ವರ್ಷದ ಬಾಯಿ! ಹೋಗಿ ಹೇಳು. ಮಾಲೀಕಂಗೆ ಹೇಳು, ಊರಿಗೆ ಹೇಳು."

"ಹೇಳಿದ್ರೆ ನನ್ ಕೆಲ್ಸ ಹೋಗತ್ತೆ ಕಣೇ. ಗಿರಾಕಿ ಮೀಟರ್ ವಿಷ್ಯ ಹೊರಗೆ ಆಡ್ಬಾರ್ದು ಅಂತ ಮೊದಲ್ನೇ ನಿಯಮ. ಪಿಂಚಣಿಗೆ ಹತ್ತೊಂಬತ್ತೇ ತಿಂಗಳಿದೆ. ಮತ್ತೆ... ಅವರು ಇನ್ಯಾವತ್ತೂ ನನ್ ಹೆಸ್ರು ಓದಲ್ಲ."

"ಹೆಸ್ರು!" ಎಂದಳು ಥೆಕ್ಲಾ. ಮುಂದಿನದು ಸ್ಲೋವಾಕ್ ಭಾಷೆಯಲ್ಲಿತ್ತು. ನನಗೆ ಅರ್ಥವಾಗಲಿಲ್ಲ, ಚೆಸ್ಟರ್‌ಗೆ ಆಯಿತು.

ಮರುದಿನ ಬೆಳಿಗ್ಗೆ ಚೆಸ್ಟರ್ ಎಮ್ಲಿನ್ ಮನೆಯ ನೆಲಮಾಳಿಗೆಯ ಬಾಗಿಲಿಗೇ ಹೋದ; ಮುಂಬಾಗಿಲಿಗೆ ಹೋಗಲು ಧೈರ್ಯವಾಗಲಿಲ್ಲವಂತೆ. ಅಲ್ಲಿ ನಡೆದದ್ದನ್ನು ಅವನು ನನಗೆ ನಾಲ್ಕು ಸಲ ಹೇಳಿದ್ದಾನೆ. ನಾಲ್ಕು ಸಲವೂ ಒಂದೇ ತರಹ ಹೇಳಿದ್ದರಿಂದ ನಿಜವೆಂದು ನಂಬಿದ್ದೇನೆ.

ಎಮ್ಲಿನ್ ಕೋಟು, ಟೈ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದರು. ಮಾಲೀಕನ ಕಾಗದ ಮೇಜಿನ ಮೇಲಿತ್ತು. ಚೆಸ್ಟರ್ ಟೋಪಿ ಕೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒದರಿದ. ಡಿಸೆಂಬರ್ ಇಪ್ಪತ್ತೇಳು, ಕ್ಷೌರದಂಗಡಿ, ಉಪ್ಪುನೀರು, ಬಾಬ, ಉದ್ದ ಕಾರು. ಕೊನೆಗೆ, ಥೆಕ್ಲಾ ಇಸ್ತ್ರಿ ಮಾಡಿಕೊಟ್ಟ ಹಳದಿ ಚೀಟಿಯನ್ನು ಮೇಜಿನ ಮೇಲಿಟ್ಟ.

ಎಮ್ಲಿನ್ ಅದನ್ನು ಓದಿದರು. ಮಾಲೀಕನ ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಮಾತಾಡಿದರು, ಪಿಸುದನಿಯಲ್ಲಲ್ಲ, ಪೂರ್ತಿ ದನಿಯಲ್ಲಿ. ಶೆಲ್ಫಿನ ಲೋಟಗಳು ಝಣ್ ಎಂದವಂತೆ.

"ಅಂದ್ರೆ ವಯಸ್ಸಾಯ್ತು ಅಂತ ಅಲ್ವಾ?"

"ಅಲ್ಲ ಸಾರ್. ಕಮೋಡು ಸಾರ್."

ಎಮ್ಲಿನ್ ಮೇಜು ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ಸೋರ್ತಿದೆ ಅಂತ ನಂಗೆ ಗೊತ್ತಿತ್ತು ಕಣಯ್ಯ" ಎಂದರು. "ಫೆಬ್ರವರಿ ಮಧ್ಯದಿಂದ. ರಿಪೇರಿಯವನಿಗೆ ಫೋನ್ ಮಾಡೋಕೆ ಹೋದೆ, ಮನಸ್ಸಾಗ್ಲಿಲ್ಲ. ಬಾ ಇಲ್ಲಿ, ಕೇಳು."

ಚೆಸ್ಟರ್‌ನನ್ನು ಮಹಡಿಗೆ ಕರೆದೊಯ್ದು ಬಚ್ಚಲುಮನೆಯ ಬಾಗಿಲು ತೆರೆದು, ಬೆರಳೆತ್ತಿ ನಿಂತರು. ಒಳಗೆ ಟ್ಯಾಂಕು ಸಣ್ಣಗೆ ಸುಯ್ ಎನ್ನುತ್ತಿತ್ತು.

"ಹನ್ನೆರಡೂವರೆ ಹೊತ್ತಿಗೆ ಸ್ಟೇಡಿಯಂ ಹೀಗೇ ಇರತ್ತೆ. ಜನ ಒಳಗೆ ಬರ್ತಿರ್ತಾರೆ, ಆಟ ಇನ್ನೂ ಶುರುವಾಗಿರಲ್ಲ. ನಾನು ಮೈಕ್ ಹಾಕೋ ಮುಂಚೆ ಕಿವೀಲಿ ಇದೇ ಸದ್ದು. ಗ್ವೆನ್ ಹೋದ್ಮೇಲೆ ಈ ಮನೇಲಿ ಚಳಿಗಾಲ ಕಳೆಯೋದು ಕಷ್ಟ ಚೆಸ್ಟರ್. ಈ ವರ್ಷ ಕಷ್ಟ ಆಗ್ಲಿಲ್ಲ. ಬಾಗ್ಲು ತೆಗೆದಿಟ್ಕೊಂಡು ಮಲಗ್ತಿದ್ದೆ."

ಚೆಸ್ಟರ್ ತಾನು ಅಲ್ಲಿ ಅತ್ತೆನೆಂದು ನಾಲ್ಕು ಸಲವೂ ಒಪ್ಪಿಕೊಂಡಿದ್ದಾನೆ. ನಾನಿದ್ದರೆ ನಾನೂ ಅಳುತ್ತಿದ್ದೆ.

ಹನ್ನೆರಡೂವರೆಗೆ ಮೈದಾನದಲ್ಲಿ ಮೂರು ಸಾವಿರ ಜನ. ನಡುವೆ ಕುರ್ಚಿ, ಕುರ್ಚಿಯಲ್ಲಿ ಎಮ್ಲಿನ್. ಹಾಲೆನ್‌ಬ್ಯಾಕ್ ಕೈಯಲ್ಲಿ ಫಲಕ. ಮೇಲೆ ಗಾಜಿನ ಕೋಣೆಯಲ್ಲಿ ಹೊಸಬ ಆಗಲೇ ಕೂತು ತನ್ನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದ. ಬಾಬ ಯುಸ್ತೀನಾ ಕಪ್ಪು ಬಟ್ಟೆ ಉಟ್ಟು ಕೈಗಡಿಯಾರ ನೋಡುತ್ತಿದ್ದಳು. ಅಧ್ಯಕ್ಷ ಚೆಸ್ಟರ್ ಮೈಕಿನ ಮುಂದೆ ಬಂದ. ಸಮಿತಿ ಬರೆದುಕೊಟ್ಟ ಭಾಷಣ ಜೇಬಿನಲ್ಲಿತ್ತು. ಅವನು ತೆಗೆದದ್ದು ಹಳದಿ ಚೀಟಿಯನ್ನು.

"ನಾನು ಚೆಸ್ಟರ್ ವಾಸ್ಕೊ, ನೀರಿನ ಕಚೇರಿ" ಎಂದ. ದನಿ ಧ್ವನಿವರ್ಧಕದ ನಾಲ್ಕೂ ಕಂಬಗಳಿಂದ ಪ್ರತಿಧ್ವನಿಸಿತು. "ಎಮ್ಲಿನ್ ಪ್ರಾಸರ್ ಅವರ ಗಂಟ್ಲು ಸರಿಯಾಗಿದೆ. ಕೆಟ್ಟಿರೋದು ಅವರ ಕಮೋಡು. ಗಂಟ್ಲು ಅಂತ ಹೇಳಿದ್ದು ನಾನು. ಸಾಂತೊ ನಗ್ತಾನೆ ಅಂತ ಹೇಳ್ದೆ. ನಾನು ಅವರ ಸ್ನೇಹಿತನೂ ಅಲ್ಲ, ಬರೀ ಮೀಟರ್ ಓದೋನು." ಆಮೇಲೆ, ಇನ್ನೇನು ಹೇಳಬೇಕೆಂದು ತೋಚದೆ, ಚೀಟಿಯನ್ನು ಅಚ್ಚಾದ ಸಾಲುಗಳ ಸಮೇತ, ಕಚೇರಿಯ ಫೋನ್ ನಂಬರಿನವರೆಗೆ ಓದಿದ.

ಮಾಲೀಕನ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾಯಿತು. ಆಗ ಎಮ್ಲಿನ್ ಕುರ್ಚಿಯಿಂದ ಎದ್ದು, ಚೆಸ್ಟರ್‌ನ ಭುಜದ ಮೇಲೆ ಕೈಯಿಟ್ಟು ಮೈಕಿಗೆ ಬಾಗಿದರು.

"ಬಾಗ್ಲು ತೆಗ್ದೇ ಇದೆ" ಎಂದರು. "ಒಳಗ್ ಬನ್ನಿ."

ಅದಾದ ಮೇಲೆ ಎದ್ದ ಸದ್ದನ್ನು ನಾನು ಬರೆಯಲಾರೆ. ಸಾಂತೊ ಪೆರುಜ್ಜಿ ಅಪರಿಚಿತನೊಬ್ಬನನ್ನು ತಬ್ಬಿಕೊಂಡ. ಪಾದ್ರಿಗಳು ಎಲ್ಲರಿಗೂ ತಮ್ಮ ಮೇಣದಬತ್ತಿ ತೋರಿಸಿದರು. ಬಾಬ ಕೈಗಡಿಯಾರವನ್ನು ಕಿವಿಗಿಟ್ಟು ಅಲುಗಾಡಿಸಿದಳು. ಎಮ್ಲಿನ್ ಗಾಜಿನ ಕೋಣೆಯ ಮೆಟ್ಟಿಲು ಹತ್ತುತ್ತಿದ್ದರು; ಅವರನ್ನು ತಡೆಯುವ ಹಾಸಿಗೆ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಹೊಸಬ ತಾನಾಗಿಯೇ ಎದ್ದು ಕುರ್ಚಿ ಎಳೆದುಕೊಟ್ಟನಂತೆ.

ನೀರು ಕಚೇರಿಯ ಸೂಪರಿಂಟೆಂಡೆಂಟರು ಮುಂದಿನ ಸಾಲಿನಲ್ಲೇ ಇದ್ದರು. ಅವರು ಚೆಸ್ಟರ್‌ನನ್ನು ಬೆರಳಲ್ಲಿ ಕರೆದರು. "ವಾಸ್ಕೊ, ಸೋರಿಕೆ ಚೀಟಿ ಎಷ್ಟು ದಿನದೊಳಗೆ ಮುಟ್ಟಿಸ್ಬೇಕು?"

"ಅದೇ ದಿನ ಸಾರ್."

"ಇಪ್ಪತ್ನಾಲ್ಕು ದಿನ ಆಗಿದೆ. ಆಡಿದ ಮಾತಿನ್ ವಿಷ್ಯ ಸೋಮವಾರ ನೋಡೋಣ, ನಾನೂ ಹೋಗಿ ಜೇನು ಕೊಟ್ಟು ಬಂದಿದೀನಿ. ಈಗ್ಲೇ ಹೋಗಿ ಅದನ್ನ ಬಾಗ್ಲಿಗೆ ಸಿಕ್ಕಿಸು. ಹಂಗೇ ರಿಪೇರಿನೂ ಮಾಡು. ನಿಂಗೆ ಇವತ್ತು ಆಟ ಇಲ್ಲ."

ಹೀಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ಚೆಸ್ಟರ್ ವಾಸ್ಕೊ ಸೀಸನ್ನಿನ ಮೊದಲ ಆಟದಿಂದ ಎದ್ದು ಹೋದ. ದಾರಿಯಲ್ಲಿ ಟ್ಯಾಂಕಿಗೆ ಬೇಕಾದ ರಬ್ಬರ್ ಮುಚ್ಚಳ ಕೊಂಡ. ಎಮ್ಲಿನ್ ಮನೆಯ ಬಾಗಿಲಿಗೆ ನಿಜವಾಗಿಯೂ ಬೀಗ ಇರಲಿಲ್ಲ. ಚೀಟಿಯನ್ನು ಹಿಡಿಗೆ ಸಿಕ್ಕಿಸಿ, ಅಡುಗೆಮನೆಯ ರೇಡಿಯೋವನ್ನು ಬಚ್ಚಲಿಗೆ ತಂದಿಟ್ಟುಕೊಂಡು ಕೆಲಸಕ್ಕೆ ಕೂತ. ನಾಲ್ಕು ಇನಿಂಗ್ಸ್ ಅವನು ಟ್ಯಾಂಕಿನೊಳಗೆ ಕೈ ಅದ್ದಿಕೊಂಡೇ ಕೇಳಿದ. ನಮ್ಮವರು ಆರು ಸೊನ್ನೆಯಿಂದ ಸೋಲುತ್ತಿದ್ದರು. ಎಮ್ಲಿನ್ ಅದನ್ನು ಹೇಳುವುದನ್ನು ಕೇಳಿದರೆ ಸೋಲುವುದೂ ಒಂದು ಹಬ್ಬವೆನ್ನಿಸುತ್ತಿತ್ತು.

ಐದನೇ ಇನಿಂಗ್ಸ್ ಮುಗಿಯಿತು. ಹೊಸ ಮುಚ್ಚಳ ಕೂತಿತು, ಟ್ಯಾಂಕು ತುಂಬಿತು. ಇನ್ನು ಪರೀಕ್ಷೆ ಮಾಡುವುದೊಂದು ಬಾಕಿ. ರೇಡಿಯೋದಲ್ಲಿ ಚೀಟಿ ಬಿಡಿಸುವ ಸದ್ದಾಯಿತು. ಚೆಸ್ಟರ್‌ಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಏಪ್ರಿಲ್ ಒಂಬತ್ತರಂದು ಅವನು ಹುಟ್ಟಿಲ್ಲ. ಹಿಡಿ ಒತ್ತಿ ಫ್ಲಶ್ ಮಾಡಿದ.

ಹಳೇ ಕಾಲದ ಕಬ್ಬಿಣದ ಟ್ಯಾಂಕು. ಅದು ಗಣಿಯೊಳಗೆ ನೀರು ನುಗ್ಗಿದಂತೆ ಮೊರೆಯಿತು. ಆಮೇಲೆ ತುಂಬತೊಡಗಿತು, ನಿಧಾನವಾಗಿ, ಗುಳುಗುಳು ಎಂದು, ಹೆಚ್ಚುಕಡಿಮೆ ಒಂದೂವರೆ ನಿಮಿಷ. ಚೆಸ್ಟರ್ ಕಿವಿಗೊಟ್ಟು ಕಾದ. ಸದ್ದು ನಿಂತಿತು. ಸುಯ್ ಎನ್ನುವುದು ಇಲ್ಲ. ಮನೆಯಿಡೀ ನಿಶ್ಶಬ್ದ.

"...ಹಾಗಾಗಿ ಆರನೇ ಇನಿಂಗ್ಸ್‌ಗೆ ಹೋಗೋಣ" ಎಂದರು ಎಮ್ಲಿನ್.

ಕೆಳಗೆ ಫೋನು ಬಡಿದುಕೊಂಡಿತು. ಥೆಕ್ಲಾ. ಅವಳ ಹಿಂದೆ ಬೀದಿಯಲ್ಲಿ ಜನ ಕೂಗುವುದು, ಯಾರೋ ಪಾತ್ರೆ ಬಡಿಯುವುದು ಕೇಳಿಸುತ್ತಿತ್ತು.

"ಕೇಳಿದ್ಯಾ? ಚೆಟ್, ಕೇಳಿದ್ಯಾ?"

"ಏನನ್ನ?"

"ಅಯ್ಯೋ ನಿನ್ನ! ರೇಡಿಯೋ ಇಲ್ವಾ ಅಲ್ಲಿ?"

"ಇದೆ. ಫ್ಲಶ್ ಮಾಡ್ತಿದ್ದೆ."

ಥೆಕ್ಲಾ ಮೊದಲು ಸ್ಲೋವಾಕ್‌ನಲ್ಲಿ ಒಂದು ಮಾತು ಅಂದಳು. ಆಮೇಲೆ ಹೇಳಿದಳು. ತಡವಾಗಿ ಓದುತ್ತಿರುವ ಒಂದು ಹೆಸರಿದೆ, ಎಂದರಂತೆ ಎಮ್ಲಿನ್. ಡಿಸೆಂಬರ್ ಇಪ್ಪತ್ತೇಳಕ್ಕೆ ಐವತ್ತೆಂಟು ತುಂಬಿದ ಚೆಸ್ಟರ್ ವಾಸ್ಕೊ. ಅವನು ಈಗ ನನ್ನ ಮನೆಯಲ್ಲಿದ್ದಾನೆ, ಇವತ್ತಿನಿಂದ ನನಗೆ ಬೇಡವಾದ ಒಂದು ಸದ್ದನ್ನು ನಿಲ್ಲಿಸುತ್ತಿದ್ದಾನೆ. ಅಕ್ಟೋಬರ್‌ನಲ್ಲಿ ಬಂದು ಅದನ್ನು ಮತ್ತೆ ಕೆಡಿಸಿಕೊಡಬೇಕು. ಅಥವಾ ಸುಮ್ಮನೆ ಬಂದು ಕೂತು ಕಾಫಿ ಕುಡಿದರೂ ಆದೀತು, ಎಂದೂ ಹೇಳಿದರಂತೆ.

"ಹೆಸ್ರು ಹೇಳ್ದಾಗ" ಎಂದ ಚೆಸ್ಟರ್, ಒದ್ದೆ ಕೈಯಲ್ಲಿ ಫೋನು ಹಿಡಿದು, "ಬರೀ ಚೆಸ್ಟರ್ ವಾಸ್ಕೊ ಅಂದ್ರಾ?"

"ಇಲ್ಲ. ನನ್ನ ಸ್ನೇಹಿತ ಚೆಸ್ಟರ್ ವಾಸ್ಕೊ ಅಂದ್ರು."

"ಇನ್ನೊಂದ್ ಸಲ ಹೇಳು."

ಅವಳು ಹೇಳಿದಳು. ಅವನು ಇನ್ನೊಂದು ಸಲ ಎಂದ. ಮೂರನೇ ಸಲ ಅವಳು ಎಮ್ಲಿನ್ ಅವರ ಹಾಗೆ ದನಿ ದಪ್ಪ ಮಾಡಿ, ಗೋಡೆಯಾಚೆ ನನಗೂ ಕೇಳಿಸಲೆಂದೋ ಏನೋ, ಗಟ್ಟಿಯಾಗಿ ಹೇಳಿದಳು. ಆಟ ಅರ್ಧಕ್ಕೆ ಬಿಟ್ಟು ಬಂದು ಗೋಡೆಗೆ ಕಿವಿ ಕೊಟ್ಟು ಕೂತಿದ್ದ ನಾನು ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ.